ಮೂರು ಡಬ್ಬಿಗಳಲ್ಲಿ ಯಾವುದು

ಲೇ ತರಲೆ,

ಎಬ್ಬಿಸೋಣ ಅಂತ ಎರಡು ಸಲ ಬಾಗಿಲವರೆಗೆ ಬಂದು, ನಿನ್ನ ಗೊರಕೆ ಕೇಳಿ ವಾಪಸಾದೆ.

ಕ್ಲಬ್ಬಿನಲ್ಲಿ ನಿನಗೆ ಇವತ್ತು ರೈಫಲ್ ಕೊಡುತ್ತಾರೆ. ಬೀರುವಿನಲ್ಲಿ ಪಾಯಿಂಟ್ ಟೂ ಟೂ ಗುಂಡಿನ ಮೂರು ಡಬ್ಬಿ ಇವೆ, ಬೀಗದ ಕೈ ಅಮ್ಮನ ಹತ್ತಿರ. ಮೂರೂ ಬೇರೆ ಬೇರೆ ಕಂಪನಿಯವು. ಒಂದಕ್ಕೊಂದು ಬೆರೆಸಿದರೆ ಕಿವಿ ಹಿಂಡುತ್ತೇನೆ.

"ಜೋರಾಗಿ ಹೋಗೋ ಗುಂಡೇ ಒಳ್ಳೇದಲ್ವಾ ಅಕ್ಕಾ?" ಅಂತ ನಿನ್ನೆ ಕೇಳಿದೆಯಲ್ಲ, ಅಲ್ಲ ಕಣೇ. ಗುರಿಯ ಕಾಗದಕ್ಕೆ ಹೊಡೆಯಲು ನಿಧಾನದ್ದೇ ಸಾಕು. ಒಂದೊಂದು ರೈಫಲ್‌ಗೆ ಒಂದೊಂದು ಗುಂಡು ಒಗ್ಗುತ್ತದೆ, ಹೊಡೆದು ನೋಡದೆ ಗೊತ್ತಾಗುವುದಿಲ್ಲ. ಪ್ರತಿ ಡಬ್ಬಿಯ ಮೊದಲ ಐದನ್ನು ಲೆಕ್ಕಕ್ಕೆ ಹಿಡಿಯಬೇಡ, ನಳಿಕೆ ಹೊಸ ಗುಂಡಿಗೆ ಹೊಂದಿಕೊಳ್ಳಲಿ. ಆಮೇಲೆ ರೈಫಲನ್ನು ಮರಳಿನ ಚೀಲದ ಮೇಲಿಟ್ಟು, ಹೊಸ ಕಾಗದಕ್ಕೆ ಹತ್ತು ಹೊಡೆ. ನಡುವಿಗೆ ಬೀಳದಿದ್ದರೆ ಮೂತಿ ಊದಿಸಬೇಡ, ಗುರಿಯನ್ನು ಆಮೇಲೆ ತಿದ್ದಿಕೊಳ್ಳಬಹುದು. ಯಾವುದರ ತೂತುಗಳು ಒತ್ತೊತ್ತಾಗಿ ಬಿದ್ದಿವೆಯೋ ಅದೇ ನಿನ್ನದು.

ಅಕ್ಕನದು ಅಂತ ಹಸಿರು ಡಬ್ಬಿಯನ್ನೇ ಹಿಡಿದುಕೊಂಡು ಕೂರಬೇಡ. ಅದು ನನ್ನ ರೈಫಲ್‌ಗೆ ಒಗ್ಗಿತು, ನಿನ್ನದಕ್ಕೂ ಒಗ್ಗಲೇಬೇಕೆಂದಿಲ್ಲ.

ಆರಿಸಿದ್ದನ್ನು ಕೋಚ್‌ಗೆ ಹೇಳು, ತರಿಸುತ್ತಾರೆ. "ಅಕ್ಕನಿಗೂ ಹಸಿರು ಡಬ್ಬಿ ತರಿಸ್ಲಾ?" ಅಂತ ಕೇಳಿದರೆ ಬೇಡ ಅನ್ನು. ನಾನು ಕಣ್ಣಿನ ಆಸ್ಪತ್ರೆಗೆ ಹೊರಟಿದ್ದೇನೆ. ಬಲಗಣ್ಣು ಉಳಿಯುತ್ತದೋ ಇಲ್ಲವೋ ಇವತ್ತು ಹೇಳುತ್ತಾರಂತೆ. ಅಮ್ಮನ ಹತ್ತಿರ ಬಾಯಿ ಬಿಡಬೇಡ. ಓದಿದ ಮೇಲೆ ಇದನ್ನು ಹರಿದು ಹಾಕು.

ಚಪ್ಪಲಿ ಹಾಕಿಕೊಂಡವಳು ಮತ್ತೆ ಒಳಗೆ ಬಂದು ಬರೆಯುತ್ತಿದ್ದೇನೆ: ಕೋಚ್‌ಗೆ ಬೇಡ ಅನ್ನಬೇಡ. ಹಸಿರಿನದು ಒಂದೇ ಒಂದು ಡಬ್ಬಿ ಹೇಳಿಡು.

ಅಕ್ಕ