ಹಿಂದಿನ ಸೀಟಿನ ಗಾಜು

೧೪, ಭಾನುವಾರ.

ಕೈಯ ಮಸಿ ಹೋಗಿಲ್ಲ, ಸಿಟ್ಟೂ ಇಳಿದಿಲ್ಲ. ಇವತ್ತು ಕಾರಿನಡಿ ತೂರಿ ನೋಡಿದರೆ, ಹೊಗೆ ಕೊಳವೆಯ ನಡುವೆ ಬಳುಕುವ ತುಂಡು, ಅದೇ ಹಳೆಯ ಫ್ಲೆಕ್ಸ್ ಪೈಪು, ಜಾಳುಜಾಳಾಗಿ ಕೂತಿದೆ. ಸುತ್ತ ಡಬ್ಬಿಯ ತಗಡು, ಮೇಲೊಂದು ತಂತಿ. "ಹೊಸದು ಹಾಕಿದೀನಿ, ಕಣ್ಮುಚ್ಕೊಂಡು ಓಡ್ಸಿ" ಅಂತ ಮೂರು ತಿಂಗಳ ಹಿಂದೆ ದುಡ್ಡು ಎಣಿಸಿಕೊಂಡಿದ್ದ ಆ ಮೆಕ್ಯಾನಿಕ್, ಅಯೋಗ್ಯ.

ತುಕ್ಕು ಹಿಡಿದ ಬೋಲ್ಟುಗಳ ಜೊತೆ ಗುದ್ದಾಡಿ ನಾನೇ ಹೊಸದು ಕೂರಿಸಿದೆ. ಟಾರ್ಚ್ ಹಿಡಿದಿದ್ದ ಅಮ್ಮ, "ಆ ಹೊಗೆ ಎಲ್ಲಾ ಒಳಗೇ ಬರ್ತಿತ್ತೇನೇ?" ಎಂದು ಮೆಲ್ಲಗೆ ಕೇಳಿದಳು. ನಾನು ಕೊನೆಯ ಬೋಲ್ಟನ್ನು ಇನ್ನೊಂದು ಸುತ್ತು ಬಿಗಿದೆ.

ಮೂರು ತಿಂಗಳಿಂದ ಹಿಂದಿನ ಸೀಟಿನಲ್ಲಿ ಕೂತು ಅವಳು ತಲೆನೋವೆಂದು ಗಾಜು ಇಳಿಸುತ್ತಿದ್ದಳು. "ಏಸಿ ಹಾಕಿದೀನಲ್ಲ, ನಿಂದೊಂದು ರಗಳೆ" ಎಂದು ರೇಗಿ, ಪ್ರತಿ ಸಲ ನಾನು ಮುಂದಿನಿಂದಲೇ ಗುಂಡಿ ಒತ್ತಿ ಏರಿಸುತ್ತಿದ್ದೆ.

ನಾಳೆ ಮೆಕ್ಯಾನಿಕ್‌ಗೆ ಗ್ರಹಚಾರ ಬಿಡಿಸುತ್ತೇನೆ. ಆದರೆ ಆ ಗುಂಡಿ ಒತ್ತಿದ್ದು ಅವನಲ್ಲ.