ಎರಡನೆಯ ಸಹಿ

ಅಲ್ ಮುಂತಜಾ, ದೋಹಾ
13 ಫೆಬ್ರವರಿ 2025, ಗುರುವಾರ

ಪ್ರೀತಿಯ ಉಪ್ಪನಿಗೆ,

ಅಸ್ಸಲಾಮು ಅಲೈಕುಂ. ಕಾಗದ ಬರೆದು ತೊಂದರೆ ಕೊಡುತ್ತಿರುವುದಕ್ಕೆ ಮೊದಲೇ ಸಾರಿ. ನಿಮ್ಮ ಕಾಡಿನ ಕ್ಯಾಂಪಿನ ಫೋನ್ ಅರ್ಧ ಮಾತಿಗೇ ಸಾಯುತ್ತದೆ, ಇ-ಮೇಲ್ ಕಂಪೆನಿಯವರದು, ಅವರೂ ಓದಬಹುದು. ರಾಫೆಲ್ ಅಂಕಲ್ ನಾಳೆ ಬೋರ್ನಿಯೊಗೆ ಹೊರಟಿದ್ದಾರಲ್ಲ, ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಹಿಂದೆ ಹಾಸ್ಟೆಲಿನಲ್ಲಿದ್ದಾಗ ಮೆಲನಿ ಸಿಸ್ಟರ್ ನಮ್ಮ ಕಾಗದ ಓದಿಯೇ ಅಂಟಿಸುತ್ತಿದ್ದರು. ಅದಕ್ಕೆ "ಇಲ್ಲಿ ಎಲ್ಲ ಕ್ಷೇಮ" ಎನ್ನುವುದು ಬಿಟ್ಟು ಬೇರೇನನ್ನೂ ಕನ್ನಡದಲ್ಲಿ ಬರೆದು ನನಗೆ ಅಭ್ಯಾಸವಿಲ್ಲ. ತಪ್ಪಿದ್ದರೆ ಅಡ್ಜಸ್ಟ್ ಮಾಡಿಕೊಳ್ಳಿ.

ಉಮ್ಮನ ಮಂಡಿನೋವು ಹಾಗೇ ಇದೆ. ನನಗೆ ಸುಸ್ತು. ಕಾಲೇಜಿನ ಕಲ್ಲು ಗುರುತಿಸುವ ಟೆಸ್ಟಿನಲ್ಲಿ ಸುಣ್ಣದಕಲ್ಲಿಗೆ ಡಾಲಮೈಟ್ ಎಂದು ಬರೆದು ಬಂದೆ. ಜಿಯಾಲಜಿಸ್ಟ್ ಹಾಶಿಮರ ಮಗಳು ಅಂತ ಯಾರಿಗೂ ಹೇಳಬೇಡಿ.

ಮಂಗಳವಾರ ಸಂಜೆ ಅಂಕಲ್ ಮತ್ತು ಬ್ರಿಜಿಟ್ ಆಂಟಿ ಅಲ್ ವುಕೈರ್‌ನಿಂದ ಊಟಕ್ಕೆ ಬಂದಿದ್ದರು. ಉಮ್ಮ ಕೋರಿ ರೊಟ್ಟಿ ಮಾಡಿದ್ದರು.

"ಒಂದು ತಿಂಗಳು ಹಾಶಿಮ್, ಒಂದು ತಿಂಗಳು ನಾನು. ಅದೇ ಕೆಲಸ, ಅದೇ ಮಂಚ, ಅದೇ ಸೊಳ್ಳೆ. ಹೆಂಡತಿ ಮಾತ್ರ ಬೇರೆ," ಎಂದು ಅಂಕಲ್ ಹಳೇ ಜೋಕ್ ಹೊಡೆದರು.

"ಸಾಕು ನಿಮ್ಮ ಪಂಚಾತಿಕೆ," ಎಂದರು ಆಂಟಿ.

ಉಮ್ಮ ನಗಲಿಲ್ಲ. "ನೀವು ಹೋದರೆ ಅವರು ಬರ್ಬೇಕಲ್ವಾ ರಾಫೆಲಣ್ಣ? ಮತ್ತೆ ಎಂತಕ್ಕೆ ಬರುದಿಲ್ಲ ಅಂತಾರೆ?"

"ನಾಲ್ಕನೇ ಬಾವಿಯಲ್ಲಿ ಗ್ಯಾಸ್ ಇರ್ಬೇಕಾದ ಕಡೆ ನೀರು ಬಂತು, ಸಾಲಿಹಕ್ಕ. ತಾನು ಹೊರಟರೆ ಆ ನೀರಿನ ಸ್ಯಾಂಪಲ್ ಬಾಟಲಿಗಳು ಮಾಯ ಆಗ್ತವೆ ಅಂತ ಅವನ ಹಟ."

ಉಮ್ಮನಿಗೆ ನಾನೇ ಬಿಡಿಸಿ ಹೇಳಬೇಕಾಯಿತು. ಕಾಡಿನ ಅಡಿಯ ಸುಣ್ಣದಕಲ್ಲು ಸ್ಪಂಜಿನ ಹಾಗೆ. ಮೇಲೆ ಗ್ಯಾಸ್, ಕೆಳಗೆ ನೀರು. ನೀರು ತುಂಬ ಆಳದಲ್ಲಿದೆ ಎಂದು ಲೆಕ್ಕ ಹಾಕಿದ್ದರು, ಈಗ ಮೇಲೆಯೇ ಸಿಕ್ಕಿದೆ. ಆ ಆಳವನ್ನು ಬರೆದರೆ ಫೀಲ್ಡಿನ ಅರ್ಧ ರಿಸರ್ವ್, ಅಂದರೆ ಅಡಿಯಲ್ಲಿ ಇದೆ ಎಂದು ತೋರಿಸಿದ ಗ್ಯಾಸ್, ಕಾಗದದಿಂದ ಹೋಗುತ್ತದೆ. ಕಂಪೆನಿಯ ವೆಸ್ಟ್ ಬೇ ಆಫೀಸಿನವರು ಅದು ಬಾವಿ ಕೊರೆಯಲು ಹಾಕಿದ ನೀರೇ, ಸ್ಯಾಂಪಲ್ ಕೆಟ್ಟಿದೆ ಎಂದು ರಿಪೋರ್ಟ್ ಬರೆಸಿದ್ದಾರೆ. ಅದಕ್ಕೆ ಎರಡೂ ಪಾಳಿಯ ಜಿಯಾಲಜಿಸ್ಟರ ಸಹಿ ಬೇಕು. ಅಂಕಲ್ ಹಾಕಿಯಾಗಿದೆ. ನೀವು ಹಾಕಿಲ್ಲ.

"ಒಂದು ಸಹಿಗೆ ಇಷ್ಟು ಜಂಬವಾ?" ಎಂದರು ಉಮ್ಮ. "ಆ ಕಾಡಿನ ಗ್ಯಾಸ್ ಎಂತ ಇವರ ಅಜ್ಜ ಹೂತಿಟ್ಟದ್ದಾ? ಕೆಲಸ ಹೋದ್ರೆ ವೀಸಾ ಖಲಾಸ್. ಇವಳ ಕಾಲೇಜೂ ಖಲಾಸ್."

"ನಾನು ಹಾಕಿದೆ ಅಕ್ಕ. ನನಗೂ ಮಕ್ಕಳಿದ್ದಾರೆ," ಎಂದರು ಅಂಕಲ್, ತಟ್ಟೆ ನೋಡುತ್ತ.

ಅವರು ಹೋದ ಮೇಲೆ ಉಮ್ಮ ನನಗೆ, "ನೀನೇ ಬರೆ. ನಿನ್ನ ಮಾತಾದ್ರೆ ಕೇಳ್ತಾರೆ. ಸಹಿ ಹಾಕಿ ರಮಳಾನಿಗೆ ಮುಂಚೆ ಬರಲಿ," ಎಂದರು. ಬರೆದಿದ್ದೇನೆ. ಸಹಿ ಹಾಕಿ ಬನ್ನಿ ಉಪ್ಪ.

ಕ್ಲಾಸಿನಲ್ಲಿ ರಿಸರ್ವ್ ಎಂದರೆ ಬೋರ್ಡಿನ ಮೇಲಿನ ಒಂದು ನಂಬರ್. ಅದಕ್ಕಾಗಿ ಒಬ್ಬರು ಮನೆಗೆ ಬರದೆ ಬಾಟಲಿ ಕಾಯುತ್ತ ಕೂತಿರುತ್ತಾರೆ ಎಂದು ಯಾವ ಸರ್ ಕೂಡ ಹೇಳುವುದಿಲ್ಲ.

ಬೂಟಿನೊಳಗೆ ಜಿಗಣೆ ನೋಡಿಕೊಳ್ಳಿ. ಅಂಕಲ್ ಜೊತೆ ಮಾತು ಬಿಡಬೇಡಿ, ಪಾಪ. ಅಲ್ಲಾಹು ನಿಮ್ಮನ್ನು ಕಾಪಾಡಲಿ.

ನಿಮ್ಮ ಮಗಳು,
ಹಸ್ನಾ

ತಾ.ಕ.: ಮೇಲಿನದನ್ನು ಉಮ್ಮ ಓದಿ ಆಯಿತು. ಇದು ಆಮೇಲೆ ಬರೆದದ್ದು. ಮೊನ್ನೆ ಲಿಫ್ಟಿನವರೆಗೆ ಬಿಡಲು ಹೋದಾಗ ಅಂಕಲ್ ಒಂದು ಮಾತು ಹೇಳಿದರು. ಸಹಿ ಯಾಕೆ ಹಾಕುವುದಿಲ್ಲ ಎಂದು ಮ್ಯಾನೇಜರ್ ಕೇಳಿದ್ದಕ್ಕೆ ನೀವು, "ನನ್ನ ಮಗಳು ಇದನ್ನೇ ಓದುತ್ತಿದ್ದಾಳೆ. ಮುಂದೆ ಅವಳು ಈ ರಿಪೋರ್ಟ್ ತೆರೆದರೆ ಏನು ಹೇಳಲಿ?" ಎಂದಿರಂತೆ. ಅಂಕಲ್ ಹೆಮ್ಮೆಯಿಂದಲೇ ಹೇಳಿದರು. ನನಗೆ ಮಾತ್ರ ಹೆಮ್ಮೆ ಅನ್ನಿಸಲಿಲ್ಲ. ನಾಳೆ ಇಲ್ಲಿಂದ ಪೆಟ್ಟಿಗೆ ಕಟ್ಟುವ ದಿನ ಬಂದರೆ ಉಮ್ಮ ನಿಮ್ಮನ್ನಲ್ಲ, ನನ್ನನ್ನು ನೋಡುತ್ತಾರೆ. ಹಾಕುವುದು ಬಿಡುವುದು ನಿಮಗೆ ಬಿಟ್ಟದ್ದು ಉಪ್ಪ, ನೀರು ಇದ್ದರೆ ನೀರೇ. ಆದರೆ ಸಹಿ ಹಾಕದಿದ್ದರೆ ಅದು ನಿಮಗಾಗಿ ಇರಲಿ, ನನಗಾಗಿ ಬೇಡ. ನನ್ನಿಂದ ಆ ಭಾರ ಹೊರಲಿಕ್ಕೆ ಆಗುವುದಿಲ್ಲ. ಮ್ಯಾನೇಜರಿಗೆ ಹೇಳಿದ ಮಾತಿನಿಂದ ನಿನ್ನ ಹೆಸರನ್ನು ವಾಪಸ್ ತೆಗೆದುಕೊಂಡೆ ಎಂದು ನೀವು ಒಂದೇ ಸಾಲು ಬರೆದರೆ ಸಾಕು. ದಯವಿಟ್ಟು ಬೇಗ ಉತ್ತರ ಬರೆಯಿರಿ.