ಕೆಳಗಿನ ಓಣಿಗೆ ಮುಟ್ಟದ ಹುಕುಂ

ತಾಲೂಕು ಕಚೇರಿಯ ದೊಡ್ಡ ಸಾಹೇಬರಿಗೆ,

ಮಾನ್ಯರೇ,

ನಾನು ನಿರ್ದೋಷಿ ಎಂದು ತಾವು ಬರೆಸಿ ಕಳಿಸಿದ ಕಾಗದ ಮುಟ್ಟಿತು. ಅದರ ಕೆಳಗೆ ತಮ್ಮ ಮೊಹರು ಚೆನ್ನಾಗಿ ಮೂಡಿದೆ. ಆ ಕಾಗದವನ್ನು ಈ ಪತ್ರದ ಜೊತೆಗೆ ವಾಪಸು ಕಳಿಸುತ್ತಿದ್ದೇನೆ. ನಾನು ನಿರ್ದೋಷಿಯಲ್ಲ. ನಮ್ಮೂರ ಕೆಳಗಿನ ಓಣಿಯ ಸಾಯಬಮ್ಮ ಸತ್ತದ್ದರಲ್ಲಿ ನನ್ನ ಪಾಲಿದೆ, ತಮ್ಮ ಪಾಲೂ ಇದೆ. ನನ್ನ ಪಾಲನ್ನು ತಾವು ಒರೆಸಿ ಹಾಕಿದರೆ ಅದರ ಜೊತೆಗೇ ತಮ್ಮದೂ ಅಳಿಸಿ ಹೋಗುತ್ತದೆ. ಇದಕ್ಕೆ ನನ್ನ ಒಪ್ಪಿಗೆ ಇಲ್ಲ.

ತಮಗೆ ನನ್ನ ಪರಿಚಯ ಇರಲಾರದು. ಕೆಂಭಾವಿಯಿಂದ ಎರಡು ಹರದಾರಿ ಆಚೆಗಿರುವ ಊರಿನಲ್ಲಿ ಡಂಗುರ ಸಾರುವವನು ನಾನು. ತಮ್ಮ ಕಚೇರಿಯಿಂದ ಹುಕುಂ ಉರ್ದುವಿನಲ್ಲಿ ಬರುತ್ತದೆ. ಚಾವಡಿಯಲ್ಲಿ ಕುಲಕರ್ಣಿಯವರು ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ನಾನು ಹಲಗೆಯನ್ನು ಕೊರಳಿಗೆ ಹಾಕಿಕೊಂಡು ಹೊರಟು, ಊರಿನ ಆರು ಕಡೆ ನಿಂತು, ಹಲಗೆ ಬಡಿದು ಅದನ್ನು ಕೂಗುತ್ತೇನೆ. ಮೊದಲು ಗೌಡರ ವಾಡೆ, ಆಮೇಲೆ ಹನುಮಪ್ಪನ ಗುಡಿ, ಮೊಹರಮ್ಮಿನ ಆಶುರಖಾನೆಯ ಕಟ್ಟೆ, ಗಾಣದ ಮನೆ, ಕುಂಬಾರರ ಓಣಿ, ಎಲ್ಲಕ್ಕಿಂತ ಕೊನೆಗೆ ಹಳ್ಳದ ದಂಡೆಯ ಕೆಳಗಿನ ಓಣಿ. ಈ ಸಾಲು ನಾನು ಮಾಡಿದ್ದಲ್ಲ, ನನ್ನ ಅಪ್ಪನ ಕಾಲದಿಂದಲೂ ಹೀಗೆಯೇ ಇದೆ. ಮೂವತ್ತೊಂದು ವರ್ಷ ತಮ್ಮ ಮಾತನ್ನು ನಾನು ಕೂಗಿದ್ದೇನೆ. ಇಂದು ಒಂದು ದಿನದ ಮಟ್ಟಿಗೆ ನನ್ನ ಮಾತನ್ನು ತಾವು ಕೇಳಬೇಕು.

ಡಂಗುರದವನಿಗೆ ಬರೆಯಲು ಹೇಗೆ ಬಂತು ಎಂದು ತಮ್ಮ ಮುನ್ಷಿ ಕೇಳಬಹುದು. ಸಣ್ಣವನಿದ್ದಾಗ ಊರ ಮಠದ ಅಯ್ಯನವರು ಮರಳಿನ ಮೇಲೆ ಅಕ್ಷರ ತಿದ್ದಿಸಿದ್ದರು. ದಫ್ತರದ ದೊಡ್ಡ ದೊಡ್ಡ ಮಾತುಗಳನ್ನು ತಾವೇ ಕಲಿಸಿದಿರಿ, ಕೂಗಿ ಕೂಗಿ ಅವು ನಾಲಿಗೆಗೆ ಅಂಟಿಕೊಂಡಿವೆ. ಬರೆಯುವುದರಲ್ಲಿ ಒಂದು ಸುಖವಿದೆ, ಅದಕ್ಕೆ ಉಸಿರು ಬೇಕಾಗುವುದಿಲ್ಲ. ದಿನಕ್ಕೆ ಒಂದಿಷ್ಟರಂತೆ ಬರೆಯುತ್ತಾ ಬಂದು ಇಂದಿಗೆ ಹನ್ನೆರಡು ದಿನವಾಯಿತು.

ನನಗೆ ದಮ್ಮಿನ ಬೇನೆ ಇದೆ. ಹರೆಯದಲ್ಲಿ ಯಾದಗಿರಿ ಸ್ಟೇಷನ್ ಮಗ್ಗುಲಿನ ಒಂದು ಹತ್ತಿ ಗಿರಣಿಯಲ್ಲಿ ಹನ್ನೆರಡು ಹಂಗಾಮು ದುಡಿದೆ. ಅಲ್ಲಿ ಮೂಗು, ಬಾಯಿ, ಹುಬ್ಬು ಎಲ್ಲ ಬೆಳ್ಳಗಾಗುತ್ತಿದ್ದವು. ಹೊರಗಿನದನ್ನು ತೊಳೆದುಕೊಂಡೆವು, ಒಳಗೆ ಹೋದದ್ದು ಒಳಗೇ ಉಳಿಯಿತು. ಬೀಡಿಯನ್ನೂ ಸೇದಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ನಾಲ್ಕು ವರ್ಷದ ಹಿಂದೆ ಗಾಣದ ಮನೆಯ ಏರಿನಲ್ಲಿ ಮೊದಲ ಸಲ ಉಸಿರು ಸಿಕ್ಕಿಕೊಂಡಿತು. ಮರುವರ್ಷ ಗುಡಿಯ ಮುಂದಿನ ಸಪಾಟು ನೆಲದಲ್ಲೇ ಸಿಕ್ಕಿಕೊಂಡಿತು. ಈಗ ಪಂಚೆ ಉಡುವಾಗಲೂ ನಡುವೆ ಕೂತು ಸುಧಾರಿಸಿಕೊಳ್ಳುತ್ತೇನೆ. ದವಾಖಾನೆಯ ಕಂಪೌಂಡರ್ ಸಂಭಾವಿತ ಮನುಷ್ಯ, ಬೆನ್ನಿಗೆ ಕಿವಿ ಹಚ್ಚಿ ಕೇಳಿ ಮೂರು ಮಾತು ಹೇಳಿದ. ಭಾರ ಹೊರಬೇಡ, ಹೊಗೆಯಲ್ಲಿ ಕೂಡಬೇಡ, ಜೋರಾಗಿ ಮಾತಾಡಬೇಡ. ನಾನು ಏನು ಕೆಲಸ ಮಾಡುತ್ತೇನೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈ ಬೇನೆಯ ಜೊತೆ ಬದುಕುವ ಬಗೆ ಯಾವ ಹುಕುಮಿನಲ್ಲೂ ಬಂದಿಲ್ಲವಾದ್ದರಿಂದ ನಾವೇ ಕಂಡುಕೊಂಡೆವು. ನಾವು ಎಂದರೆ ನಾನು ಮತ್ತು ನನ್ನ ಹೆಂಡತಿ ಗೊಲ್ಲಾಳಮ್ಮ. ಮಲಗಿದರೆ ಎದೆಯ ಮೇಲೆ ಯಾರೋ ಕೂತಂತಾಗುತ್ತದೆ, ಆದ್ದರಿಂದ ಜೋಳದ ಚೀಲಕ್ಕೆ ಒರಗಿ ಕೂತೇ ನಿದ್ದೆ ಮಾಡುತ್ತೇನೆ. ಸ್ನಾನ ಒಂದು ದಿನ, ಕ್ಷೌರ ಇನ್ನೊಂದು ದಿನ, ಎರಡೂ ಒಂದೇ ದಿನ ಆಗುವುದಿಲ್ಲ. ಹೊಟ್ಟೆ ತುಂಬ ಉಂಡರೆ ಉಸಿರಿಗೆ ಜಾಗ ಉಳಿಯುವುದಿಲ್ಲ, ಅರ್ಧ ರೊಟ್ಟಿಯಂತೆ ನಾಲ್ಕು ಸಲ ತಿನ್ನುತ್ತೇನೆ. ಉಸಿರು ಕಟ್ಟಿದಾಗ ನಾನು ಗಾಬರಿಯಿಂದ ಬಾಯಿ ತೆರೆದು ಗಾಳಿ ಎಳೆದುಕೊಳ್ಳಲು ಒದ್ದಾಡುತ್ತಿದ್ದೆ. ಒಂದು ದಿನ ಅವಳು ನನ್ನೆದುರು ಕುಕ್ಕರಗಾಲಲ್ಲಿ ಕೂತು, ನನ್ನ ಎರಡೂ ಕೈಗಳನ್ನು ನನ್ನ ಮೊಣಕಾಲಿನ ಮೇಲೆ ಊರಿಸಿ ಹೇಳಿದಳು:

“ಎಳಕೊಳ್ಳಾಕ ಹೋಗಬ್ಯಾಡ್ರಿ. ಮೊದ್ಲ ಬಿಡ್ರಿ. ತುಟಿ ಕೂಡಿಸಿ ಒಲಿ ಊದ್ದಂಗ ಊದ್ರಿ, ಸಾವಕಾಶ. ಒಳಗ ಬರೋದು ತಾನಾ ಬರ್ತದ.”

ಹಾಗೇ ಬಂತು. ನಲವತ್ತು ವರ್ಷ ಒಲೆ ಊದಿದವಳಿಗೆ ಗಾಳಿಯ ಸಂಗತಿ ನನಗಿಂತ ಚೆನ್ನಾಗಿ ತಿಳಿದಿತ್ತು.

ಬೇನೆ ಕೆಲಸಕ್ಕೂ ಅಡ್ಡ ಬಂದಾಗ ಅವಳೇ ಇನ್ನೊಂದು ದಾರಿ ತೆಗೆದಳು. ಹಲಗೆ ನಾನು ಬಡಿಯುವುದು, ಹುಕುಂ ಅವಳು ಕೂಗುವುದು. ಮೊದಲ ದಿನ ಗಾಣದ ಮನೆಯ ಮುಂದೆ ಜನ ಬಿದ್ದು ಬಿದ್ದು ನಕ್ಕರು. “ಅಮಾತೆಪ್ಪಗ ಹೊಸಾ ಬಾಯಿ ಬಂದದ ನೋಡ್ರೋ” ಎಂದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, “ನಕ್ಕೊಂಡೇ ಕೇಳ್ರಿ, ಆದ್ರ ಪೂರಾ ಕೇಳ್ರಿ” ಅಂದು ಮತ್ತೆ ಕೂಗಿದಳು. ಆರು ತಿಂಗಳು ಹಾಗೆ ನಡೆಯಿತು. ಅವಳ ದನಿ ಹಳ್ಳದ ಆಚೆ ಹೊಲದಲ್ಲಿ ಕಳೆ ತೆಗೆಯುವವರಿಗೂ ಕೇಳುತ್ತಿತ್ತು. ನನ್ನ ಮೂವತ್ತೊಂದು ವರ್ಷದಲ್ಲಿ ತಮ್ಮ ಹುಕುಮು ಅಷ್ಟು ದೂರ ಎಂದೂ ಹೋಗಿರಲಿಲ್ಲ.

ತಮಗೆ ಅದು ಹಿಡಿಸಲಿಲ್ಲ. ಸರ್ಕಾರದ ಮಾತು ಹೆಂಗಸಿನ ಬಾಯಿಂದ ಬರುವುದು ಸರ್ಕಾರದ ಮರ್ಯಾದೆಗೆ ತಕ್ಕುದಲ್ಲ, ನೇಮಕವಾದವನೇ ಕೂಗತಕ್ಕದ್ದು ಎಂದು ಕಾಗದ ಬಂತು. ಅದೇ ಕಾಗದದಲ್ಲಿ, ನಾಡಿನ ದೊರೆ ಹುಜೂರರ ಬಿರುದುಗಳನ್ನೂ ಸುಬೇದಾರ ಸಾಹೇಬರ, ತಾಲೂಕುದಾರ ಸಾಹೇಬರ ಮತ್ತು ತಮ್ಮ ಪದವಿಗಳನ್ನೂ ಪ್ರತಿಯೊಂದು ಕಡೆ ಮೊದಲಿಗೆ ತಪ್ಪದೆ ಹೇಳಬೇಕೆಂದೂ ಇತ್ತು. ಇದು ಹೊಸದಲ್ಲ. ಹಿಂದೊಮ್ಮೆ ಅವಸರದಲ್ಲಿ ಎರಡು ಬಿರುದು ಬಿಟ್ಟಿದ್ದಕ್ಕೆ ನನ್ನನ್ನು ಚಾವಡಿಯ ಮುಂದೆ ಹಲಗೆ ತಲೆಯ ಮೇಲೆ ಹೊತ್ತು ಬಿಸಿಲಲ್ಲಿ ನಿಲ್ಲಿಸಲಾಗಿತ್ತು. ಕೊಟ್ಟವರಿಗೆ ಅಂಥ ಶಿಕ್ಷೆ ಮರೆತುಹೋಗುತ್ತದೆ, ನಿಂತವನಿಗೆ ಮರೆಯುವುದಿಲ್ಲ. ಗೊಲ್ಲಾಳಮ್ಮ ಸೆರಗು ಬಿಚ್ಚಿ ಮನೆಯಲ್ಲಿ ಕೂತಳು, ನಾನು ಒಬ್ಬನೇ ಹೊರಟೆ.

ಇನ್ನು ಆ ದಿನದ ಸಂಗತಿ. ಪಕ್ಕದ ಊರಲ್ಲಿ ವಾಂತಿಭೇದಿ ಬಿದ್ದಿತ್ತು. ಹಳ್ಳದ ಬಾವಿಯ ನೀರನ್ನು ಔಷಧಿ ಹಾಕುವ ತನಕ ಯಾರೂ ಕುಡಿಯಬಾರದು, ಊರ ಮುಂದಿನ ಬಾವಿಯದನ್ನು ಕಾಯಿಸಿ ಆರಿಸಿ ಕುಡಿಯಬೇಕು ಎಂದು ಹುಕುಂ ಬಂತು. ಒಳ್ಳೆಯ ಹುಕುಂ. ತಮ್ಮ ಕಚೇರಿಯಿಂದ ಅಂಥದ್ದು ಅಪರೂಪಕ್ಕೆ ಬರುತ್ತದೆ, ಬಂದಾಗ ಒಪ್ಪಿಕೊಳ್ಳಬೇಕು. ಹಳ್ಳದ ಬಾವಿಯ ನೀರನ್ನು ಕುಡಿಯುವವರು ಕೆಳಗಿನ ಓಣಿಯವರು ಮಾತ್ರ. ಆದರೂ ನಾನು ವಾಡೆಯಿಂದಲೇ ಸುರು ಮಾಡಿದೆ. ಆ ನೀರನ್ನು ಕಣ್ಣಲ್ಲೂ ನೋಡದ ಗೌಡರಿಗೆ, ಗುಡಿಯ ಪೂಜಾರಿಗೆ, ಗಾಣದವರಿಗೆ ಅದನ್ನು ಕುಡಿಯಬೇಡಿರೆಂದು ಕೂಗಿದೆ. ಪ್ರತಿ ಕಡೆ ಮೊದಲು ಬಿರುದು, ಆಮೇಲೆ ಬಾವಿ. ಕುಂಬಾರರ ಓಣಿಯಲ್ಲಿ ಕೂಗಿ ಮುಗಿಸುವಷ್ಟರಲ್ಲಿ ಎರಡು ಸಲ ಕೂತೆದ್ದೆ. ಗೋಡೆ ಹಿಡಿದುಕೊಂಡು, ಒಲೆ ಊದಿದಂತೆ ಊದುತ್ತಾ ಇಳಿಜಾರು ಇಳಿದೆ.

ಕೆಳಗಿನ ಓಣಿಯ ಬಾಯಲ್ಲಿ ನಿಂತಾಗ ನನಗೆ ಗೊತ್ತಿತ್ತು, ಉಳಿದದ್ದು ಅರ್ಧ ಹುಕುಮಿನಷ್ಟು ಉಸಿರು. ಯಾವ ಅರ್ಧ? ಇದನ್ನು ತಾವು ದಯವಿಟ್ಟು ಎರಡು ಸಲ ಓದಿಸಿಕೊಳ್ಳಿ. ನಾನು ಬಿರುದುಗಳನ್ನು ಆರಿಸಿಕೊಂಡೆ. ಒಂದನ್ನೂ ಬಿಡದೆ ಹೇಳಿದೆ. ಬಿರುದು ತಪ್ಪಿದರೆ ಏನಾಗುತ್ತದೆಂದು ಗೊತ್ತಿತ್ತು, ಬಾವಿ ತಪ್ಪಿದರೆ ಏನಾಗುತ್ತದೆಂದು ಯಾರೂ ನನಗೆ ಬಿಸಿಲಲ್ಲಿ ನಿಲ್ಲಿಸಿ ಕಲಿಸಿರಲಿಲ್ಲ. ಒಂದು ಗಳಿಗೆ ಕೂತು ದಮ್ಮು ತಿರುಗಿಸಿಕೊಂಡು ಉಳಿದದ್ದನ್ನು ಹೇಳೋಣ ಎಂದುಕೊಂಡೆ. ಬಾಗಿಲಿಗೆ ಬಂದಿದ್ದವರು ಬಿರುದು ಮುಗಿಯುವ ತನಕ ನಿಂತರು. ಮುಂದೇನೂ ಬರದಿರುವುದನ್ನು ನೋಡಿ, ಎಂದಿನಂತೆ ನಮಗೆ ಸಂಬಂಧಪಡದ್ದೇ ಇರಬೇಕೆಂದು ಒಳಗೆ ಹೋದರು. ಅವರದೂ ತಪ್ಪಿಲ್ಲ.

ಸಾಯಬಮ್ಮನ ಮನೆಯ ಕಟ್ಟೆಯೇ ನಾನು ಯಾವಾಗಲೂ ಕೂಡುವ ಜಾಗ. ಅವಳು ನನಗಿಂತ ಹತ್ತು ವರ್ಷ ಚಿಕ್ಕವಳು, ನನ್ನನ್ನು ಅಣ್ಣ ಎನ್ನುತ್ತಿದ್ದಳು. ಕೂತ ಕೂಡಲೇ ತಂಬಿಗೆ ತುಂಬ ನೀರು ತಂದಳು.

“ಅಣ್ಣಾ, ಬರೇ ದೊಡ್ಡೋರ ಹೆಸರು ಹೇಳಿ ಕುಂತಿಯಲ್ಲ, ಮುಂದ ಏನದ? ಇರ್ಲಿ, ಮೊದ್ಲ ನೀರು ಕುಡಿ. ದಮ್ಮು ಭಾಳ ಹತ್ತ್ಯಾದ ನಿನಗ.”

ಆ ನೀರು ಎಲ್ಲಿಯದೆಂದು ನನಗೆ ಗೊತ್ತಿತ್ತು. ಬಾಯಿ ತೆರೆದೆ, ಮಾತು ಹೊರಡಲಿಲ್ಲ. ತಲೆ ಅಲ್ಲಾಡಿಸಿದೆ. ಕೈಯಿಂದ ತಂಬಿಗೆಯನ್ನು ದೂಡಿದೆ, ದೂಡಿದ್ದು ಮುಟ್ಟಿದಷ್ಟೇ ಆಯಿತು.

“ಬ್ಯಾಡಾ? ಬ್ಯಾಡಂದ್ರ ಬಿಡು. ತುಂಬಿದ್ದು ಹೊಳ್ಳಿ ಕೊಡಕ್ಕ ಸುರುವಬಾರ್ದು, ನಾನೇ ಕುಡಿತೀನಿ” ಎಂದು ಅಲ್ಲೇ ನಿಂತು ಎತ್ತಿ ಕುಡಿದಳು. ನಾನು ನೋಡುತ್ತಾ ಕೂತಿದ್ದೆ. ಹುಕುಂ ಪೂರ್ತಿ ನನ್ನ ತಲೆಯಲ್ಲಿತ್ತು, ಶಬ್ದಕ್ಕೆ ಶಬ್ದ.

ಮಾತು ಬಂದ ಮೇಲೆ ಅವಳಿಗೂ ಮನೆಗಳಲ್ಲಿದ್ದವರಿಗೂ ಹೇಳಿದೆ. ಆ ಹೊತ್ತಿಗೆ ಓಣಿಯ ಅರ್ಧ ಜನ ಹೊಲಕ್ಕೆ ಹೋಗಿದ್ದರು. ಮೂರನೆಯ ದಿನ ಸಾಯಬಮ್ಮ ತೀರಿಕೊಂಡಳು. ಆ ಒಂದು ತಂಬಿಗೆಯಿಂದಲೇ ಸತ್ತಳೆಂದು ಯಾವ ಡಾಕ್ಟರೂ ಹೇಳಲಾರ, ಬೆಳಗಿನಿಂದ ಆ ನೀರನ್ನೇ ಕುಡಿದಿದ್ದಳು. ಇದನ್ನು ನನಗೆ ಹಲವರು ಹೇಳಿದ್ದಾರೆ. ಗೊಲ್ಲಾಳಮ್ಮನೂ ಹೇಳಿದ್ದಾಳೆ. ನನಗೆ ಅದರಿಂದ ಸಮಾಧಾನವೂ ಆಗುವುದಿಲ್ಲ, ದುಃಖ ಹೆಚ್ಚುವುದೂ ಇಲ್ಲ. ಮಣ್ಣಿಗೆ ಹೋಗಿದ್ದೆ, ಎಲ್ಲರೂ ಅತ್ತರು, ನಾನು ಅಳಲಿಲ್ಲ. ಅಳುವುದಕ್ಕೂ ಉಸಿರು ಬೇಕಲ್ಲ, ಅದಕ್ಕೇ ಇರಬೇಕೆಂದುಕೊಂಡೆ. ಹನ್ನೆರಡು ದಿನದಿಂದ ಬರೆಯುತ್ತಿದ್ದೇನೆ, ಬರೆಯುವಾಗಲೂ ಅಳು ಬಂದಿಲ್ಲ. ಕೈಗೆ ಜೋಮು ಹಿಡಿದಂತೆ ಎದೆಗೂ ಹಿಡಿದಿದೆ.

ತಮ್ಮ ತನಿಖೆಯ ಬಗ್ಗೆ ಎರಡು ಮಾತು. ಹುಕುಂ ಸಾರಿದ ಮೇಲೂ ಸಾವಾಯಿತಲ್ಲ ಎಂದು ಕಂದಾಯದ ಗಿರ್ದಾವರ ಸಾಹೇಬರು ಕುದುರೆಯ ಮೇಲೆ ಬಂದು, ಓಣಿಯ ಬಾಯಲ್ಲೇ ನಿಂತು ಓಣಿಯವರನ್ನು ವಿಚಾರಿಸಿದರು. ಕುದುರೆಯಿಂದ ಇಳಿಯುವಷ್ಟು ದೊಡ್ಡ ಪ್ರಕರಣ ಅದಾಗಿರಲಿಲ್ಲ.

“ಡಂಗುರದವನು ಬಂದಿದ್ದನೇನು?”

“ಬಂದಿದ್ದ್ರಿ.”

“ಹುಜೂರರ ಬಿರುದುಗಳನ್ನು ಹೇಳಿದನೇನು?”

“ಹೇಳ್ಯಾನ್ರಿ ಸಾಹೇಬ್ರ, ಒಂದೂ ಬಿಟ್ಟಿಲ್ರಿ.”

ಅಲ್ಲಿಗೆ ತನಿಖೆ ಮುಗಿಯಿತು. ಮುಂದೆ ಏನು ಹೇಳಿದ ಎಂದು ಅವರು ಕೇಳಲೇ ಇಲ್ಲ. ನಾನು ಪಕ್ಕದಲ್ಲೇ ಬೇರೊಂದು ಕಟ್ಟೆಯ ಮೇಲೆ ಕೂತಿದ್ದೆ, ಹೇಳಲು ಎದ್ದೆ, ಏಳುವುದರಲ್ಲೇ ದಮ್ಮು ಹತ್ತಿತು. ಕುದುರೆ ಹೋಗಿಯೇಬಿಟ್ಟಿತು. ಆಮೇಲೆ ತಮ್ಮ ಕಾಗದ ಬಂತು: ಹುಕುಂ ಕ್ರಮಬದ್ಧವಾಗಿ ಸಾರಲ್ಪಟ್ಟಿದೆ, ಡಂಗುರದವನು ನಿರ್ದೋಷಿ. ಹೌದು, ಕ್ರಮಕ್ಕೆ ಏನೂ ಭಂಗ ಬಂದಿಲ್ಲ. ಸರ್ಕಾರದ ಮರ್ಯಾದೆಯೂ ಸುರಕ್ಷಿತವಾಗಿದೆ. ಸಾಯಬಮ್ಮ ಆರೋಗ್ಯವಾಗಿದ್ದ ಕೊನೆಯ ದಿನ ಅವಳ ಕಿವಿಗೆ ಬಿದ್ದದ್ದು ತಮ್ಮ ಪದವಿಯ ಹೆಸರು, ಅದೂ ಸ್ಪಷ್ಟವಾಗಿ. ಇದಕ್ಕಿಂತ ಹೆಚ್ಚಿನ ಗೌರವವನ್ನು ಯಾವ ಅಧಿಕಾರಿ ಬಯಸಿಯಾನು?

ನನ್ನ ಬೇನೆಗೆ ತಾವು ಹೊಣೆ ಎಂದು ನಾನು ಹೇಳುವುದಿಲ್ಲ. ಔಷಧಿ ಬೇಡುತ್ತಿಲ್ಲ, ದಯೆಯನ್ನೂ ಬೇಡುತ್ತಿಲ್ಲ. ಉಸಿರು ಕಡಿಮೆ ಇರುವವನು ಬೆಳಗ್ಗೆ ಎದ್ದ ಕೂಡಲೇ ಒಂದು ಯೋಚನೆ ಮಾಡುತ್ತಾನೆ, ಇವತ್ತಿನ ಉಸಿರನ್ನು ಮೊದಲು ಯಾವುದಕ್ಕೆ ಖರ್ಚು ಮಾಡಲಿ ಎಂದು. ಬಾವಿಗೆ ಹೋಗಲೋ, ಬಯಲಿಗೆ ಹೋಗಲೋ, ಹೆಂಡತಿಯ ಹತ್ತಿರ ನಾಲ್ಕು ಮಾತಾಡಲೋ? ತಾವು ಯಾರೂ ಆ ಯೋಚನೆ ಮಾಡಿದವರಲ್ಲ, ಆದ್ದರಿಂದ ಹೆಸರುಗಳು ಮೊದಲು ಬರುತ್ತವೆ, ನೀರು ಆಮೇಲೆ ಬರುತ್ತದೆ.

ಬರುವ ಸೋಮವಾರ ಊರಿಗೆ ಕಾಲರಾ ಸೂಜಿ ಹಾಕುವವರು ಬರುತ್ತಾರಂತೆ. ಅದನ್ನು ಭಾನುವಾರ ಸಾರಬೇಕೆಂದು ಹುಕುಂ ಚಾವಡಿಗೆ ಬಂದಿದೆ. ಎಂದಿನಂತೆ ಮೊದಲ ಆರು ಸಾಲು ಬಿರುದು, ಏಳನೆಯ ಸಾಲಿನಲ್ಲಿ ಸೂಜಿ. ನನ್ನ ಬೇಡಿಕೆ ಇಷ್ಟೇ. ಸಂಗತಿ ಮೊದಲು ಹೇಳುವುದಕ್ಕೆ, ಮತ್ತು ಅದನ್ನು ಗೊಲ್ಲಾಳಮ್ಮ ಹೇಳುವುದಕ್ಕೆ ತಾವು ಶನಿವಾರದೊಳಗೆ ಲಿಖಿತ ಅಪ್ಪಣೆ ಕೊಡಬೇಕು. ಈ ಪತ್ರದ ಒಂದು ಪ್ರತಿಯನ್ನು ಕೆಂಭಾವಿ ಸಂತೆಯ ಬೇವಿನ ಮರಕ್ಕೆ, ಇನ್ನೊಂದನ್ನು ಚಾವಡಿಯ ಬಾಗಿಲಿಗೆ ಅಂಟಿಸಿದ್ದೇನೆ. ಇದು ಕನ್ನಡದಲ್ಲಿದೆ. ಮುನ್ಷಿಯಿಂದ ಓದಿಸಿಕೊಳ್ಳುವಾಗ ಕೊನೆಯವರೆಗೂ ಓದಿಸಿಕೊಳ್ಳಿ, ಅರ್ಧಕ್ಕೆ ನಿಲ್ಲಿಸಬೇಡಿ.

ಅಪ್ಪಣೆ ಬರದಿದ್ದರೂ ಭಾನುವಾರ ನಾವು ಹೊರಡುತ್ತೇವೆ. ಈ ಸಲ ಸುರುವಾತು ಕೆಳಗಿನ ಓಣಿಯಿಂದ. ಸಾಯಬಮ್ಮನ ಕಟ್ಟೆಯ ಮೇಲೆ ಕೂತು ಹಲಗೆ ನಾನು ಬಡಿಯುತ್ತೇನೆ, ಕೂಗುವವಳು ಗೊಲ್ಲಾಳಮ್ಮ. ಅಲ್ಲಿಂದ ಮೇಲಕ್ಕೆ ಬರುತ್ತೇವೆ, ಏರು ಇರುವುದರಿಂದ ನಾನು ಅಲ್ಲಲ್ಲಿ ನಿಲ್ಲುತ್ತೇನೆ, ಅವಳು ನಿಲ್ಲುವುದಿಲ್ಲ. ಗೌಡರ ವಾಡೆ ಮುಟ್ಟಿದ ಮೇಲೆ ನನ್ನಲ್ಲಿ ಉಸಿರು ಉಳಿದಿದ್ದರೆ ಬಿರುದುಗಳನ್ನು ನಾನೇ ಹೇಳುತ್ತೇನೆ. ತಡೆಯುವುದಿದ್ದರೆ ತಾವು ಬಂದು ತಡೆಯಬಹುದು. ಆದರೆ ಕುದುರೆಯಿಂದ ಇಳಿದು, ಓಣಿಯ ಒಳಗೆ ಆ ಕಟ್ಟೆಯ ತನಕ ನಡೆದು ಬರಬೇಕಾಗುತ್ತದೆ.

ಇಂತಿ,
ಬಿರುದು ಒಂದನ್ನೂ ಬಿಡದ, ಬಾವಿಯೊಂದನ್ನು ಬಿಟ್ಟ,
ಡಂಗುರದ ಅಮಾತೆಪ್ಪ
ಫಸಲಿ ೧೩೫೪ (ಇಂಗ್ಲಿಷ್ ಸನ್ ೧೯೪೫)